ಗಂಟೆ ಬಾರಿಸಿದವಳ ವರದಿ

ನಾಸಿಕ್ ಜಿಲ್ಲೆಯ ನಿಫಾಡ್ ತಂಡದ ಹುಡುಗಿಯರು ಖೋ-ಖೋ ಫೈನಲ್ ಆಡದೆ ಮೈದಾನ ಬಿಟ್ಟು ಹೋದರು ಎಂದು ನಮ್ಮ ಕಾಲೇಜಿನಲ್ಲಿ ಎಲ್ಲರೂ ಹೇಳುತ್ತಾರೆ. ವಾರ್ಷಿಕ ಸಂಚಿಕೆಯಲ್ಲೂ ಹಾಗೆಯೇ ಅಚ್ಚಾಗಿದೆ, ಪಕ್ಕದಲ್ಲಿ ಶಾಲು ಹೊದ್ದ ಒಂಬತ್ತು ಜನರ ಫೋಟೋ ಸಮೇತ. ಎರಡನೇ ವರ್ಷದವರಿಗೆ ಇದನ್ನು ಈಗಾಗಲೇ ಪಾಠದ ಹಾಗೆ ಹೇಳಿಕೊಡುತ್ತಿದ್ದಾರೆ: ಹಳ್ಳಿ ಕಡೆಯ ತಂಡಗಳಿಗೆ ಆಟ ಬರುತ್ತದೆ, ತಾಳ್ಮೆ ಇರುವುದಿಲ್ಲ.

ಒಂದೊಂದಾಗಿ ನೋಡೋಣ. ಬಿಟ್ಟು ಹೋದದ್ದು ನಿಜ. ಎಷ್ಟು ಹೊತ್ತಿಗೆ ಹೋದರು? ಮಧ್ಯಾಹ್ನ ಒಂದಕ್ಕೆ. ಆಡಲು ಮೈದಾನಕ್ಕೆ ಬಂದದ್ದು ಎಷ್ಟಕ್ಕೆ? ಬೆಳಿಗ್ಗೆ ಹತ್ತಕ್ಕೆ. ನಡುವಿನ ಮೂರು ತಾಸು ಏನು ಮಾಡುತ್ತಿದ್ದರು? ಗೆರೆಯ ಹೊರಗೆ ಬರಿಗಾಲಲ್ಲಿ ಕೂತಿದ್ದರು. ಮೈ ಬಿಸಿ ಮಾಡಿಕೊಂಡರು, ಅದು ಆರಿತು, ಮತ್ತೆ ಎದ್ದು ಓಡಿ ಬಿಸಿ ಮಾಡಿಕೊಂಡರು, ಅದೂ ಆರಿತು. ಇದಕ್ಕೆ ತಾಳ್ಮೆ ಅನ್ನದೆ ಇನ್ನೇನನ್ನುತ್ತೀರಿ ಎಂದು ನಾನು ಕೇಳಿದರೆ, ಇವಳು ಡಿಬೇಟ್‌ನವಳು ಬಿಡಿ ಎಂದು ಮಾತು ಮುಗಿಸುತ್ತಾರೆ. ನಮ್ಮಲ್ಲಿ ಪ್ರಶ್ನೆಗೆ ಉತ್ತರ ಇಲ್ಲದಾಗ ಪ್ರಶ್ನೆ ಕೇಳಿದವರ ಜಾತಕ ಹೇಳುವುದು ರೂಢಿ.

ಡಿಬೇಟ್‌ನವಳು ಎನ್ನುವುದನ್ನು ನಾನು ಅಲ್ಲಗಳೆಯುವುದಿಲ್ಲ. ನಾಸಿಕ್‌ನಲ್ಲಿ ಶಾಲೆಗೆ ಹೋಗುತ್ತಿದ್ದಾಗಿನಿಂದ ವಾದವೇ ನನ್ನ ಆಟ. ವಿಷಯದ ಪರ ಎಂದರೆ ಪರ, ವಿರುದ್ಧ ಎಂದರೆ ವಿರುದ್ಧ. ಚೀಟಿ ಎತ್ತಿ ಹತ್ತು ನಿಮಿಷ ಕೊಟ್ಟರೆ ಸಾಕು. ನಮ್ಮದು ಬೀದರ್ ಕಡೆಯ ಮನೆ. ಅಪ್ಪ ಅಂಬಡ್‌ನ ಒಂದು ಕಾರ್ಖಾನೆಯ ಸ್ಟೋರ್ಸ್‌ನಲ್ಲಿ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಇದ್ದಾರೆ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ಓದಲು ಬರೆಯಲು ಕನ್ನಡ ಕಲಿತದ್ದು ಅಮ್ಮನ ಹಟದಿಂದ, ಮೂರು ಬೇಸಿಗೆ ರಜೆಗಳನ್ನು ಬಲಿ ಕೊಟ್ಟು. ಆಗ ಅದನ್ನು ವಿರೋಧಿಸಿಯೂ ವಾದಿಸಿದ್ದೆ; ಗೆದ್ದಿರಲಿಲ್ಲ.

ಹನ್ನೆರಡನೆಯದು ಮುಗಿಸಿ, ಕ್ರೀಡಾ ನಿರ್ವಹಣೆ ಮತ್ತು ನಾಯಕತ್ವ ಎಂಬ ಪದವಿ ಓದಲು ಛತ್ರಪತಿ ಸಂಭಾಜಿನಗರಕ್ಕೆ ಹೋಗುತ್ತೇನೆ ಎಂದಾಗ ಅಪ್ಪ ಚಹಾದ ಬಟ್ಟಲು ಕೆಳಗಿಟ್ಟರು.

"ಆಟಕ್ಕ ಮ್ಯಾನೇಜ್ಮೆಂಟ್ ಯಾಕವ್ವಾ? ಅಂಗಳ ಅದ, ಹುಡುಗ್ರು ಅದಾರ. ಒಬ್ಬಾಂವ ಸೀಟಿ ಊದಿದ್ರ ಮುಗೀತು."

ನಾನು ಇಪ್ಪತ್ತು ನಿಮಿಷ ಉತ್ತರ ಕೊಟ್ಟೆ. ಆಟಗಾರರು ಕೆಡುವುದಿಲ್ಲ, ಆಟ ನಡೆಸುವವರು ಕೆಡುತ್ತಾರೆ. ಯಾವ ತಂಡ ಎಲ್ಲಿ ಉಳಿಯಬೇಕು, ನೀರು ಎಲ್ಲಿಂದ ಬರಬೇಕು, ಗಾಯವಾದರೆ ಯಾರು ಓಡಬೇಕು, ಇದೆಲ್ಲ ಒಂದು ವಿದ್ಯೆ ಅಂದೆ. ಅಪ್ಪ ಕೊನೆಗೆ, ಔರಂಗಾಬಾದ್‌ನಲ್ಲಿ ಬಿಸಿಲು ಜಾಸ್ತಿ, ಟೊಪ್ಪಿಗೆ ತಗೊಂಡು ಹೋಗು ಅಂದರು. ಅವರು ಈಗಲೂ ಹಳೆಯ ಹೆಸರಿನಿಂದಲೇ ಕರೆಯುತ್ತಾರೆ. ಆ ವಾದ ನಾನು ಗೆದ್ದೆ ಎಂದುಕೊಂಡಿದ್ದೆ.

ಕಾಲೇಜು ಶೇಂದ್ರಾ ರಸ್ತೆಯಲ್ಲಿತ್ತು. ನಾಯಕತ್ವದ ತರಗತಿ ವಾರಕ್ಕೆ ನಾಲ್ಕು. ಮೊದಲ ವಾರ ಪರದೆಯ ಮೇಲೆ ಒಂದು ಸಿಂಹ ಬಂತು. ಎರಡನೆಯ ವಾರ ಒಂದು ಬಂಡಿ. ಸಾಹೇಬನಾದವನು ಬಂಡಿಯ ಮೇಲೆ ಕೂತು ಬೆರಳು ತೋರಿಸುತ್ತಾನೆ, ನಾಯಕನಾದವನು ಮುಂದೆ ನಿಂತು ಹಗ್ಗ ಎಳೆಯುತ್ತಾನೆ. ಬಂಡಿ ಎಲ್ಲಿಗೆ ಹೋಗುತ್ತಿದೆ, ಅದರಲ್ಲಿ ಏನಿದೆ, ಎತ್ತುಗಳು ಏನಾದವು ಎಂದು ನಾನು ಕೇಳಿದೆ. ಸರ್ ನಕ್ಕು, ಪ್ರಶ್ನೆ ಬರೆದುಕೊಂಡಿರು, ಕೊನೆಗೆ ನೋಡೋಣ ಅಂದರು. ಮೂರು ವರ್ಷದಲ್ಲಿ ಆ ಕೊನೆ ಬರಲಿಲ್ಲ. ಒಬ್ಬರು ಕಣ್ಣು ಮುಚ್ಚಿ ಹಿಂದಕ್ಕೆ ಬೀಳುವುದು, ಇನ್ನೊಬ್ಬರು ಹಿಡಿಯುವುದು, ಹೀಗೆ ನಂಬಿಕೆ ಕಲಿಸುವ ಆಟ ಪ್ರತಿ ಸೆಮಿಸ್ಟರಿಗೆ ಒಮ್ಮೆ ನಡೆಯುತ್ತಿತ್ತು. ನಾನು ಬೀಳಲು ಒಪ್ಪಲಿಲ್ಲ. ಹಿಡಿಯುವವಳು ಫೋನ್ ನೋಡುತ್ತಿದ್ದಳು.

ಸರ್ ಕೆಟ್ಟವರಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಒಂದು ಕಾಲಕ್ಕೆ ಅವರೂ ಖೋ-ಖೋ ಆಡಿದವರು. ಕಂಬಕ್ಕೆ ಬಡಿದು ಮುರಿದ ಬಲಗೈ ಕಿರುಬೆರಳು ಈಗಲೂ ಸೊಟ್ಟಗಿದೆ. ಯೋಚನೆ ಬಂದಾಗ ಅದನ್ನು ಉಜ್ಜಿಕೊಳ್ಳುತ್ತಾರೆ. ಕೊನೆಯ ವರ್ಷ ನಮ್ಮ ದೊಡ್ಡ ಪ್ರಾಜೆಕ್ಟ್ ಆಗಿ ಜೂನಿಯರ್ ಕಾಲೇಜು, ಅಂದರೆ ಹನ್ನೊಂದು-ಹನ್ನೆರಡನೆಯ ತರಗತಿಯ ಹುಡುಗಿಯರ ಖೋ-ಖೋ ಪಂದ್ಯಾವಳಿ ನಡೆಸೋಣ ಎಂದವರು ಅವರೇ. ಕಾಲೇಜಿನ ಮೈದಾನ ಅಗೆದು ಹಾಕಿದ್ದರಿಂದ ಬೇರೊಂದು ಮೈದಾನವನ್ನು ಬಿಟ್ಟಿಯಾಗಿ ಗಿಟ್ಟಿಸಿದವರೂ ಅವರೇ. ಅದು ಕೊಡಿಸಿದ ದೊಡ್ಡ ಮನುಷ್ಯರು ಮುಖ್ಯ ಅತಿಥಿ ಎಂದು ಅಂದೇ ತೀರ್ಮಾನವಾಯಿತು. ಪಂದ್ಯಾವಳಿಯ ಮುಖ್ಯಸ್ಥರು ಸರ್; ನನ್ನನ್ನು ಕಾರ್ಯದರ್ಶಿ ಮಾಡಿದರು. ವೇಳಾಪಟ್ಟಿ ನನ್ನದು, ಕೊನೆಯ ವರದಿ ನನ್ನದು, ಅಂಕ ಅದರ ಮೇಲೆ. ಪ್ರಮಾಣಪತ್ರ ಕೊಡುವ ಪಂದ್ಯಾವಳಿ ಸಮಿತಿ ನೋಡುವುದೂ ಅದನ್ನೇ.

ಎರಡನೇ ದಿನದ ವೇಳಾಪಟ್ಟಿಯನ್ನು ನಾನು ನಿಮಿಷಕ್ಕೊಂದು ಸಾಲಿನಂತೆ ಬರೆದೆ. ಹತ್ತಕ್ಕೆ ಫೈನಲ್. ಹನ್ನೊಂದೂಕಾಲಿಗೆ ಬಹುಮಾನ, ಆಗ ಅತಿಥಿಗಳ ಸತ್ಕಾರ. ಸರ್ ಪೆನ್ಸಿಲ್ ತೆಗೆದುಕೊಂಡು ಸತ್ಕಾರವನ್ನು ಮೇಲಕ್ಕೂ ಫೈನಲನ್ನು ಕೆಳಕ್ಕೂ ಬಾಣದ ಗುರುತಿನಿಂದ ಸಾಗಿಸಿದರು. ನಾನು ಯಾಕೆ ಅಂದೆ. ಅವರು ಮರಾಠಿಯಲ್ಲಿ ಸಮಾಧಾನವಾಗಿ ಹೇಳಿದ್ದರ ಸಾರ ಇಷ್ಟು: ಪಂದ್ಯ ಮೊದಲಿಟ್ಟರೆ ಅತಿಥಿಗಳು ಪಂದ್ಯ ಮುಗಿಯುವ ಹೊತ್ತಿಗೆ ಬರುತ್ತಾರೆ, ಸತ್ಕಾರ ಮೊದಲಿಟ್ಟರೆ ಸತ್ಕಾರದ ಹೊತ್ತಿಗೆ ಬರುತ್ತಾರೆ. ಸತ್ಕಾರಕ್ಕೆ ಎಷ್ಟು ಹೊತ್ತು ಬೇಕು ಎಂದು ಕೇಳಿದೆ. ಹದಿನೈದು ನಿಮಿಷ ಅಂದರು. ಒಂಬತ್ತು ಜನ, ತಲೆಗೊಂದು ಶಾಲು, ಒಂದು ತೆಂಗಿನಕಾಯಿ, ಒಂದು ಹೂಗುಚ್ಛ, ಮತ್ತು ಎರಡೆರಡು ಮಾತು. ಹದಿನೈದು ನಿಮಿಷ. ಈ ಲೆಕ್ಕವನ್ನು ಒಪ್ಪಿಕೊಂಡೆನಲ್ಲ ನಾನು, ಅದೇ ನನ್ನ ಮೊದಲ ದಡ್ಡತನ. ಒಪ್ಪಿಕೊಂಡದ್ದಕ್ಕೆ ಕಾರಣ ನನ್ನ ಚೀಲದಲ್ಲಿದ್ದ ಗಂಟೆ.

ಡಿಬೇಟ್ ಸ್ಪರ್ಧೆಗಳಲ್ಲಿ ಮೇಜಿನ ಮೇಲೆ ಒಂದು ಗಂಟೆ ಇರುತ್ತದೆ, ತಲೆ ಒತ್ತಿದರೆ ಟಿಂಗ್ ಅನ್ನುವಂಥದು. ಒಂದು ನಿಮಿಷ ಉಳಿದಾಗ ಒಮ್ಮೆ, ಸಮಯ ಮುಗಿದಾಗ ಎರಡು ಸಲ. ಎರಡನೆಯದು ಆದ ಮೇಲೂ ಮಾತಾಡಿದರೆ ಅಂಕ ಹೋಗುತ್ತದೆ. ಮಂತ್ರಿಯ ಮಗಳಿಗೂ ಅಷ್ಟೇ, ಸ್ಟೋರ್ಸ್‌ನವರ ಮಗಳಿಗೂ ಅಷ್ಟೇ. ನನಗೆ ಗೊತ್ತಿದ್ದ ಲೋಕದಲ್ಲಿ ಅದರಷ್ಟು ನ್ಯಾಯವಂತ ವಸ್ತು ಇನ್ನೊಂದಿರಲಿಲ್ಲ. ಅದನ್ನು ನಿರೂಪಕರ ಮೇಜಿನ ಮೇಲಿಟ್ಟರೆ ಕೆಲಸ ಸಲೀಸು ಎಂದು ನಂಬಿದ್ದೆ.

ಜನವರಿಯಲ್ಲಿ ನಡೆದ ಪಂದ್ಯಾವಳಿಯ ಮೊದಲ ದಿನ ಎಲ್ಲ ನೆಟ್ಟಗೆ ನಡೆಯಿತು, ಯಾಕೆಂದರೆ ಅತಿಥಿಗಳು ಇರಲಿಲ್ಲ. ಸಂಜೆಯ ಸೆಮಿಫೈನಲ್‌ನಲ್ಲಿ ನಿಫಾಡ್ ತಂಡ ಅಟ್ಟಿಸಿಕೊಂಡು ಹೋಗುವುದನ್ನು ನಾನು ಗೆರೆಯ ಪಕ್ಕ ನಿಂತು ನೋಡುತ್ತಿದ್ದೆ. ಎಂಟು ಹುಡುಗಿಯರು ಸಾಲಾಗಿ ಕೂತಿದ್ದಾರೆ, ಒಬ್ಬಳು ಓಡುತ್ತಿದ್ದಾಳೆ, ಮತ್ತು ತುದಿಯಲ್ಲಿ ಕೂತ ನಾಯಕಿ ಒಂದೇ ಸಮನೆ ಕೂಗುತ್ತಿದ್ದಾಳೆ. "ಕಂಬದ ಕಡಿ ನೂಕs, ಕಂಬದ ಕಡಿ. ಈಗ ಬ್ಯಾಡ. ಈಗ ಕೊಡು." ಎದುರಿನ ತಂಡದವರು ಮುಖ ಮುಖ ನೋಡಿಕೊಳ್ಳುತ್ತಿದ್ದರು. ನನಗೆ ಅರ್ಥವಾಗುತ್ತಿದೆ ಎನ್ನುವುದು ನನಗೇ ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಅದು ಕನ್ನಡ. ಆಳಂದ ಕಡೆಯ ಕುಟುಂಬಗಳು ದ್ರಾಕ್ಷಿ ತೋಟದ ಕೆಲಸಕ್ಕೆಂದು ನಿಫಾಡ್‌ಗೆ ಬಂದು ನೆಲೆಯಾಗಿವೆ. ತಂಡದಲ್ಲಿ ಐವರು ಅಂಥ ಮನೆಯವರು. ಉಳಿದ ಮರಾಠಿ ಹುಡುಗಿಯರಿಗೆ ಆಟಕ್ಕೆ ಬೇಕಾದ ಹತ್ತು ಮಾತು ಕಲಿಸಿ, ಎದುರಾಳಿಗೆ ತಿಳಿಯದ ಹಾಗೆ ಇಡೀ ಪಂದ್ಯವನ್ನು ಕನ್ನಡದಲ್ಲಿ ನಡೆಸುತ್ತಿದ್ದರು.

ಪಂದ್ಯ ಗೆದ್ದ ಮೇಲೆ ನಾನು ಹೋಗಿ ಕನ್ನಡದಲ್ಲಿ ಮಾತಾಡಿಸಿದೆ. ನಾಯಕಿ ಒಂದು ಕ್ಷಣ ಬೆಚ್ಚಿ, ಆಮೇಲೆ ನಕ್ಕಳು. "ನಿಮಗ ತಿಳೀತೇನ್ರಿ ಅಕ್ಕಾ? ನಾಳಿ ಫೈನಲ್‌ದಾಗ ನಿಮ್ಮ ಕಾಲೇಜಿನವರಿಗೆ ಹೇಳಿಗಿಳೀರಿ ಮತ್ತ." ಹೇಳುವುದಿಲ್ಲ ಎಂದು ಗಂಟಲು ಮುಟ್ಟಿ ಆಣೆ ಮಾಡಿದೆ. ಅವಳು ಹನ್ನೆರಡನೆಯ ತರಗತಿ. ಫೈನಲ್ ಆಡಿದ ಪ್ರಮಾಣಪತ್ರ ಸಿಕ್ಕರೆ ನಾಸಿಕ್‌ನ ಒಂದು ಕಾಲೇಜಿನಲ್ಲಿ ಕ್ರೀಡಾ ಕೋಟಾದಲ್ಲಿ ಸೀಟು, ಜೊತೆಗೆ ಹಾಸ್ಟೆಲ್. ಗೆಲ್ಲಲೇಬೇಕೆಂದಿಲ್ಲ, ಎರಡನೇ ಸ್ಥಾನವಾದರೂ ನಡೆಯುತ್ತದೆ. ಸಿಗದಿದ್ದರೆ? ಸಿಗದಿದ್ದರೆ ತೋಟ ಇದ್ದೇ ಇದೆಯಲ್ಲ ಅಂದಳು, ಹವಾಮಾನದ ಸುದ್ದಿ ಹೇಳುವವರ ಹಾಗೆ.

ಮರುದಿನ ಹತ್ತಕ್ಕೆ ಎರಡೂ ತಂಡ, ನಿಫಾಡ್‌ನವರು ಮತ್ತು ನಮ್ಮ ಕಾಲೇಜಿನ ಜೂನಿಯರ್ ವಿಭಾಗದವರು, ಮೈದಾನದಲ್ಲಿ. ತೀರ್ಪುಗಾರ ಕುತ್ತಿಗೆಗೆ ಸೀಟಿ ನೇತುಹಾಕಿಕೊಂಡು ಮೈದಾನದಲ್ಲಿ. ಹೊಸದಾಗಿ ಎಳೆದ ಸುಣ್ಣದ ಗೆರೆಗಳು ಬೆಳ್ಳಗೆ ಹೊಳೆಯುತ್ತಿದ್ದವು. ವೇದಿಕೆಯ ಹಿಂದೆ ದೊಡ್ಡ ಬ್ಯಾನರ್. ಅದರಲ್ಲಿ ಅತಿಥಿಗಳ ಒಂಬತ್ತು ಮುಖಗಳಿದ್ದವು, ಆಟಗಾರ್ತಿ ಒಬ್ಬಳೂ ಇರಲಿಲ್ಲ. ಮುಖಗಳ ಒಡೆಯರು ಬಂದದ್ದು ಹನ್ನೊಂದಕ್ಕೆ ಹತ್ತು ನಿಮಿಷ ಇದ್ದಾಗ. ದೀಪ ಹಚ್ಚಲು ಹೋದರೆ ಗಾಳಿ. ಒಂಬತ್ತು ಜನ ಗೋಡೆಯ ಹಾಗೆ ನಿಂತು ಕೊನೆಗೂ ಹಚ್ಚಿದರು. ಸ್ವಾಗತಗೀತೆ ಆಯಿತು. ಪರಿಚಯ ಆಯಿತು, ಪರಿಚಯ ಮಾಡಿಕೊಟ್ಟವರ ಪರಿಚಯವೂ ಆಯಿತು. ಹನ್ನೊಂದೂವರೆಗೆ ನಾಲ್ಕನೆಯ ಶಾಲು.

ಆಗ ನಿಫಾಡ್ ತಂಡದ ಜೊತೆ ಬಂದಿದ್ದ ಶಿಕ್ಷಕಿ ನನ್ನ ಹತ್ತಿರ ಬಂದರು. ಅವರ ರೈಲು ಒಂದೂವರೆಗೆ. ಮನ್ಮಾಡ್‌ನಲ್ಲಿ ಗಾಡಿ ಬದಲಿಸಿ ಮುಂದೆ ಹೋಗಬೇಕು. ಅದರ ನಂತರದ ರೈಲು ಹಿಡಿದರೆ ಹನ್ನೆರಡು ಹುಡುಗಿಯರನ್ನು ಕಟ್ಟಿಕೊಂಡು ಮನ್ಮಾಡ್ ಸ್ಟೇಷನ್ನಿನಲ್ಲಿ ಬೆಳಗು ಮಾಡಬೇಕಾಗುತ್ತದೆ. ಪಂದ್ಯಾವಳಿಯ ನಿಯಮ ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು: ಸಂಘಟಕರ ತಡದಿಂದ ಪಂದ್ಯ ನಡೆಯದಿದ್ದರೆ, ಮೈದಾನ ಬಿಡುವ ಮೊದಲು ಲಿಖಿತ ದೂರು ಕೊಟ್ಟ ತಂಡಕ್ಕೆ ಅನ್ಯಾಯವಾಗುವುದಿಲ್ಲ, ಎರಡೂ ತಂಡಕ್ಕೆ ಪ್ರಮಾಣಪತ್ರ. ದೂರಿಲ್ಲದೆ ಹೋದರೆ ಸೋಲು, ಪ್ರಮಾಣಪತ್ರವೂ ಇಲ್ಲ. ಅವರು ಪರ್ಸಿನಿಂದ ಹಾಳೆ, ಪೆನ್ನು ತೆಗೆದಿದ್ದರು.

ಇಲ್ಲಿ ನಾನು ನನ್ನ ವಿದ್ಯೆ ಪ್ರಯೋಗಿಸಿದೆ. ಶಿಕ್ಷಕಿಯ ಹತ್ತಿರ ಅಲ್ಲ, ಪಕ್ಕದಲ್ಲಿ ನಿಂತಿದ್ದ ನಾಯಕಿಯ ಹತ್ತಿರ, ಕನ್ನಡದಲ್ಲಿ. ದೂರು ಎಂದು ಒಮ್ಮೆ ಕಾಗದಕ್ಕೆ ಬಂದರೆ ತೀರ್ಪುಗಾರ ಸಮಿತಿಯ ಕಚೇರಿಗೆ ಫೋನ್ ಮಾಡುತ್ತಾನೆ, ವಿಚಾರಣೆ ಎಂದು ಎಲ್ಲ ನಿಲ್ಲುತ್ತದೆ, ಇದ್ದ ಪಂದ್ಯವೂ ಹೋಗುತ್ತದೆ. ಇನ್ನು ಐದೇ ಶಾಲು. ನೀವು ಆಡಿ ಗೆಲ್ಲುವ ತಂಡ, ಕಾಗದದಿಂದ ಯಾಕೆ ಗೆಲ್ಲಬೇಕು? ಹನ್ನೆರಡಕ್ಕೆ ಸೀಟಿ, ಒಂದಕ್ಕೆ ನೀವು ರಿಕ್ಷಾದಲ್ಲಿ. "ಅರ್ಧ ತಾಸು ನಿಲ್ರಿ. ನಾ ಅದೀನಲ್ಲ."

ಒಳ್ಳೆಯ ವಾದ. ಮೂರು ಅಂಶ, ಒಂದು ಭಾವನೆ, ಕೊನೆಗೆ ಒಂದು ಭರವಸೆ. ನಾಯಕಿ ಶಿಕ್ಷಕಿಯ ಕಡೆ ತಿರುಗಿ ಏನೋ ಹೇಳಿದಳು. ಹಾಳೆ ಪರ್ಸಿನೊಳಗೆ ವಾಪಸು ಹೋಯಿತು.

ಹನ್ನೆರಡಾಗುವ ಮೊದಲು ಮುಖ್ಯ ಅತಿಥಿ ಮಾತಿಗೆ ನಿಂತರು. ಎರಡು ಮಾತು ಅಂದರು. ವಿಷಯ, ಕ್ರೀಡೆಯಿಂದ ಶಿಸ್ತು ಬರುವುದು ಹೇಗೆ. ಹತ್ತನೇ ನಿಮಿಷಕ್ಕೆ ನಾನು ನಿರೂಪಕಿಯ ಪಕ್ಕಕ್ಕೆ ಹೋಗಿ ನಿಂತೆ. ಹದಿನಾಲ್ಕನೇ ನಿಮಿಷಕ್ಕೆ ಗಂಟೆ ಒತ್ತಿದೆ. ಅವರು ನನ್ನ ಕಡೆ ನೋಡಿ ನಕ್ಕು, ಶುಭ ಶಕುನ ಅಂದರು; ಸಭೆ ಚಪ್ಪಾಳೆ ತಟ್ಟಿತು; ಅವರು ತಮ್ಮ ಶಾಲಾ ದಿನಗಳಿಗೆ ಹೊರಟರು. ಒಂದು ನಿಮಿಷ ಕಾದು ಎರಡು ಸಲ ಒತ್ತಿದೆ. ಟಿಂಗ್, ಟಿಂಗ್. ಮೈಕಿನ ಪಕ್ಕದಲ್ಲೇ ಇದ್ದದ್ದರಿಂದ ಮೈದಾನದ ಆ ತುದಿಗೂ ಕೇಳಿರಬೇಕು.

ಅವರು ನಿಲ್ಲಿಸಿದರು. ನಿಧಾನವಾಗಿ ಕನ್ನಡಕ ತೆಗೆದರು. ಈ ಹುಡುಗಿಗೆ ನನ್ನ ಮಾತು ಸಾಕಾಗಿದೆ ಎಂದು ಮೈಕಿನಲ್ಲೇ ಹೇಳಿ, ಶಾಲು ತೆಗೆದು ಕುರ್ಚಿಯ ಮೇಲಿಟ್ಟು, ಕಾರಿನ ಕಡೆ ನಡೆದರು.

ಆಗ ಗಡಿಯಾರದಲ್ಲಿ ಹನ್ನೆರಡು ಗಂಟೆ ಐದು ನಿಮಿಷ. ಆ ಕ್ಷಣ ತೀರ್ಪುಗಾರ ಸೀಟಿ ಊದಿದ್ದರೆ ಒಂದಕ್ಕೆ ಐದು ನಿಮಿಷ ಇರುವಾಗಲೇ ಪಂದ್ಯ ಮುಗಿಯುತ್ತಿತ್ತು. ಅಪ್ಪ ಹೇಳಿದಂತೆ ಅಂಗಳ ಇತ್ತು, ಹುಡುಗಿಯರಿದ್ದರು, ಸೀಟಿಯೂ ಇತ್ತು. ಊದು ಎನ್ನಬೇಕಾದ ಸರ್ ಕಾರಿನ ಬಾಗಿಲು ಹಿಡಿದುಕೊಂಡು ನಿಂತಿದ್ದರು. ಊದು ಎನ್ನಬಹುದಾಗಿದ್ದ ಕಾರ್ಯದರ್ಶಿ, ಅಂದರೆ ನಾನು, ಗಂಟೆಯ ಮೇಲೆ ಬೆರಳಿಟ್ಟುಕೊಂಡೇ ನಿಂತಿದ್ದೆ.

ಅತಿಥಿಯನ್ನು ವಾಪಸು ಕರೆತಂದರು. ಬರಿಗೈಯಲ್ಲಿ ಕೂರಿಸುವುದು ಹೇಗೆ? ಗೆದ್ದ ತಂಡಕ್ಕೆ ಕಟ್ಟಲೆಂದು ಕರೆಸಿದ್ದ ಫೇಟಾ ಕಟ್ಟುವವರು ಅಲ್ಲಿಯೇ ಇದ್ದರು. ಮುಖ್ಯ ಅತಿಥಿಗೆ ಕೇಸರಿ ಬಣ್ಣದ ಫೇಟಾ ಕಟ್ಟಿಸಿ ಸಮಾಧಾನ ಮಾಡುವುದು ಎಂದಾಯಿತು. ಫೇಟಾ ಎಂದರೆ ಟೊಪ್ಪಿಗೆಯಲ್ಲ, ತಲೆಯ ಮೇಲೆ ಇಟ್ಟು ಮುಂದೆ ಹೋಗುವುದಕ್ಕೆ. ಮೊಳಗಟ್ಟಲೆ ಬಟ್ಟೆ, ಸುತ್ತಿ, ಬಿಗಿದು, ಹಿಂದೆ ಬಾಲ ಬಿಟ್ಟು, ಮೇಲೆ ತುರಾಯಿ ನಿಲ್ಲಿಸಬೇಕು. ಒಬ್ಬರಿಗೆ ಕಟ್ಟಿದ ಮೇಲೆ ಸಾಲಿನಲ್ಲಿ ಕೂತ ಉಳಿದ ಎಂಟು ತಲೆಗಳನ್ನು ಬೋಳಾಗಿ ಬಿಡುವಂತಿಲ್ಲ. ಇದು ಈ ಸೀಮೆಯಲ್ಲಿ ಯಾರೂ ಬರೆದಿಡದ, ಯಾರೂ ಮುರಿಯದ ಕಾನೂನು. ಒಂಬತ್ತು ತಲೆ ಮುಗಿಯುವಾಗ ಹನ್ನೆರಡೂ ಮುಕ್ಕಾಲು. ನಂತರ ಒಂಬತ್ತು ಫೇಟಾಗಳು ಮೈದಾನ ಉದ್ಘಾಟನೆಗೆಂದು ಬೂಟು ಹಾಕಿಕೊಂಡೇ ಕಣಕ್ಕೆ ಇಳಿದು, ಕಂಬದ ಬುಡದಲ್ಲಿ ಕಾಯಿ ಒಡೆದು, ನಡುವಿನ ಪಟ್ಟಿಯ ಮೇಲೆ ನಿಂತು ಫೋಟೋ ತೆಗೆಸಿಕೊಂಡವು. ಅವರು ಸರಿದಾಗ ಸುಣ್ಣದ ಗೆರೆಗಳಲ್ಲಿ ಅರ್ಧ ಅವರ ಬೂಟುಗಳಿಗೆ ಅಂಟಿಕೊಂಡು ಹೋಗಿದ್ದವು. ಗೆರೆ ಮತ್ತೆ ಎಳೆಯಬೇಕು ಎಂದ ತೀರ್ಪುಗಾರ.

ಒಂದಕ್ಕೆ ನಿಫಾಡ್ ತಂಡ ಚೀಲ ಹೆಗಲಿಗೇರಿಸಿತು. ನಾಯಕಿ ನನ್ನ ಕಡೆ ನೋಡಲಿಲ್ಲ, ಅಥವಾ ನಾನು ಅವಳ ಕಡೆ ನೋಡಲಿಲ್ಲ. ದೂರು ಬರೆಯಲು ಯಾರಿಗೂ ಪುರಸೊತ್ತಿರಲಿಲ್ಲ, ರಿಕ್ಷಾ ಹಿಡಿಯಬೇಕಿತ್ತು. ಒಂದೂಕಾಲಿಗೆ ನಮ್ಮ ಕಾಲೇಜಿನ ತಂಡದ ಎಂಟು ಹುಡುಗಿಯರು ಹೊಸ ಗೆರೆಗಳ ನಡುವೆ ಸಾಲಾಗಿ ಕೂತರು, ಒಬ್ಬಳು ಕಂಬದ ಬಳಿ ನಿಂತಳು, ಎದುರಿಗೆ ಯಾರೂ ಇಲ್ಲ. ತೀರ್ಪುಗಾರ ಸೀಟಿ ಊದಿದ. ನಾವು ಗೆದ್ದೆವು. ತಂಡಕ್ಕೆ ಕಟ್ಟಲು ಫೇಟಾ ಉಳಿದಿರಲಿಲ್ಲ.

ವರದಿ ಬರೆಯುವಾಗ ನಾನು ಸರ್ ಜೊತೆ ಒಂದು ಮಧ್ಯಾಹ್ನ ಪೂರ್ತಿ ವಾದಿಸಿದೆ. ಮೈದಾನ ತೊರೆದರು ಎಂದು ಬರೆಯುವುದಿಲ್ಲ ಅಂದೆ. ತಡ ನಮ್ಮದು, ಎರಡೂ ತಂಡಕ್ಕೆ ಪ್ರಮಾಣಪತ್ರ ಕೊಡಲು ಪಂದ್ಯಾವಳಿ ಸಮಿತಿಗೆ ಶಿಫಾರಸು ಮಾಡಬೇಕು ಅಂದೆ. ಮುಖ್ಯ ಅತಿಥಿಗೆ ಮುಜುಗರವಾಗುತ್ತದೆ, ಮುಂದಿನ ವರ್ಷ ಮೈದಾನ ಯಾರು ಕೊಡುತ್ತಾರೆ ಎಂದು ಅವರು ಕೇಳಿದರು. ಇಂಥ ಮೈದಾನ ಇದ್ದರೆಷ್ಟು ಬಿಟ್ಟರೆಷ್ಟು ಎಂದು ನಾನು ಕೇಳಿದೆ. ಅವರು ಬಹಳ ಹೊತ್ತು ಬೆರಳು ಉಜ್ಜಿಕೊಂಡರು. ಕೋಪ ಮಾಡಿಕೊಳ್ಳಲಿಲ್ಲ.

"ಬರಿ," ಅಂದರು. "ಬರೆಯೋದಾದ್ರೆ ಎಲ್ಲಾ ಬರಿ. ಗಂಟೆ ಬಿಡಬೇಡ."

ಅಷ್ಟೇ. ಸಂಘಟಕಿ ಅತಿಥಿಯನ್ನು ವೇದಿಕೆಯ ಮೇಲೇ ಅವಮಾನಿಸಿದಳು, ಅದರಿಂದ ನಲವತ್ತು ನಿಮಿಷ ಹೋಯಿತು, ಅವಳೇ ಎದುರು ತಂಡದ ದೂರನ್ನು ತಡೆದಿದ್ದಳು: ಇಷ್ಟನ್ನು ನನ್ನ ಕೈಯಿಂದಲೇ ಬರೆದು, ಅದೇ ವರದಿಗೆ ಅಂಕ ಕೇಳಬೇಕಿತ್ತು. ನಾನು ಹಾಸ್ಟೆಲಿಗೆ ಹೋಗಿ ಹನ್ನೊಂದು ಪುಟ ಬರೆದೆ. ನೀರಿನ ವ್ಯವಸ್ಥೆ, ಊಟದ ವ್ಯವಸ್ಥೆ, ಪ್ರಥಮ ಚಿಕಿತ್ಸೆ. ಫೈನಲ್ ಬಗ್ಗೆ ಒಂದೇ ವಾಕ್ಯ: ಅನಿವಾರ್ಯ ಕಾರಣಗಳಿಂದ ಪಂದ್ಯ ನಿಗದಿತ ಸಮಯಕ್ಕೆ ಆರಂಭವಾಗಲಿಲ್ಲ.

ಅನಿವಾರ್ಯ. ಯಾವುದಾದರೂ ಸ್ಪರ್ಧೆಯಲ್ಲಿ ಎದುರಿನವರು ಈ ಮಾತು ಆಡಿದ್ದರೆ ಅಲ್ಲೇ ಎದ್ದು ನಿಂತು, ಯಾವುದು ಅನಿವಾರ್ಯ, ಯಾರಿಗೆ ಅನಿವಾರ್ಯ, ನಿವಾರಿಸಲು ಯತ್ನಿಸಿದವರು ಯಾರು ಎಂದು ಚಿಂದಿ ಮಾಡುತ್ತಿದ್ದೆ. ಸಮಿತಿ ಚಿಂದಿ ಮಾಡಲಿಲ್ಲ. ಕಾರಣ ನಮೂದಾಗಿಲ್ಲ, ದೂರೂ ಬಂದಿಲ್ಲ, ಆದ್ದರಿಂದ ನಿಯಮದಂತೆ ನಿಫಾಡ್ ತಂಡ ಮೈದಾನ ತೊರೆದಿದೆ ಎಂದು ಎರಡು ಸಾಲು ಕಳಿಸಿತು. ನನ್ನ ವರದಿಗೆ ತರಗತಿಯಲ್ಲೇ ಹೆಚ್ಚು ಅಂಕ ಬಂತು. ಯಾವ ವಿಷಯದಲ್ಲಿ ಎಂದು ಕೇಳಬೇಡಿ, ನಾಯಕತ್ವದಲ್ಲಿ.

ಆಮೇಲೆ ಫೋನಿಗೆ ನಾಯಕಿಯ ಧ್ವನಿ ಸಂದೇಶಗಳು ಬರತೊಡಗಿದವು. ಅಕ್ಕಾ, ಸರ್ಟಿಫಿಕೇಟ್ ಯಾವಾಗ ಬರ್ತದ್ರಿ? ಬರುತ್ತದೆ ಅಂದೆ. ಪರೀಕ್ಷೆ ಮುಗಿದ ಮೇಲೆ ಮತ್ತೆ ಕೇಳಿದಳು. ವಿಚಾರಿಸುತ್ತಿದ್ದೇನೆ ಅಂದೆ. ಆಮೇಲೆ ಅವಳು ಕೇಳುವುದನ್ನೇ ಬಿಟ್ಟಳು, ಅದು ಇನ್ನೂ ಕಷ್ಟವಾಯಿತು. ಮೇ ತಿಂಗಳಲ್ಲಿ ನಾಸಿಕ್‌ಗೆ ಹೊರಟವಳು ನಿಫಾಡ್‌ನಲ್ಲಿ ಇಳಿದೆ.

ದ್ರಾಕ್ಷಿ ಕೊಯ್ಲು ಎಂದೋ ಮುಗಿದು, ಬಳ್ಳಿ ಕತ್ತರಿಸಿ, ಹೊಸ ಚಿಗುರು ಬಂದಿತ್ತು. ಹೆಚ್ಚಿನ ಚಿಗುರನ್ನು ಬೆರಳಿನಿಂದ ಮುರಿದು ಹಾಕುತ್ತಾ ಅವಳು ಸಾಲಿನ ನಡುವೆ ನಿಂತಿದ್ದಳು. ನನ್ನನ್ನು ಕಂಡು ತಲೆಗೆ ಕಟ್ಟಿದ್ದ ಓಢಣಿ ಸಡಿಲಿಸಿದಳು.

"ಬರ್ರಿ ಅಕ್ಕಾ. ಅರ್ಧ ತಾಸು ಅಂದಿದ್ರಿ, ನಾಕ ತಿಂಗಳಾತು."

ನಗಬೇಕೋ ಬೇಡವೋ ತಿಳಿಯದೆ ನಾನು ವಿವರಿಸಲು ಶುರು ಮಾಡಿದೆ. ಸಮಿತಿ ಹೇಗೆ ಕೆಲಸ ಮಾಡುತ್ತದೆ, ನಿಯಮದ ಯಾವ ಅಂಶ ಯಾವುದಕ್ಕೆ ಅಡ್ಡ ಬರುತ್ತದೆ, ಸರ್ ಏನಂದರು, ಅತಿಥಿ ಎಂಥವರು. ಅವಳು ಕೈ ನಿಲ್ಲಿಸದೆ ಪೂರ್ತಿ ಕೇಳಿಸಿಕೊಂಡಳು. ಹತ್ತಿಪ್ಪತ್ತು ಚಿಗುರು ಬಿದ್ದವು.

"ಗಂಟಿ ಹೊಡದದ್ದು ಬರದೀರೇನ್ರಿ?"

ನಾನು ಯಾವ ಗಂಟೆ ಎನ್ನುವಂತೆ ನೋಡಿರಬೇಕು.

"ನಾವು ಗೆರಿ ಹೊರಗ ಕುಂತಿದ್ವಿ. ಎಲ್ಲಾ ಕಾಣ್ತಿತ್ತು."

ಬರೆದಿಲ್ಲ ಅಂದೆ. ಅವಳು ತಲೆಯಾಡಿಸಿದಳು, ಅಂಗಡಿಯಲ್ಲಿ ಸಾಮಾನು ಇಲ್ಲ ಎಂದಾಗ ಆಡಿಸುವ ಹಾಗೆ. ಇನ್ನೊಂದು ಚಿಗುರು ಮುರಿಯುತ್ತಾ, ನನ್ನ ಕಡೆ ನೋಡದೆಯೇ ಹೇಳಿದಳು:

"ಬಾಯಿಯವರು ಕಾಗದ ತಗದಿದ್ರು. ನಾನs ಬ್ಯಾಡ ಅಂದೆ. ನಮ್ಮ ಮಾತಾಡೋರು ಒಬ್ರು ಅದಾರ, ನಿಲ್ಲೋಣು ಅಂದೆ."

ಬಾಯಿಯವರು ಎಂದರೆ ಶಿಕ್ಷಕಿ. ಸೀಟಿಗೆ ಅರ್ಜಿ ಹಾಕಲು ಕೊನೆಯ ದಿನ ಯಾವುದೆಂದು ಕೇಳಿದೆ. ಜೂನ್ ಎರಡನೇ ವಾರ ಅಂದಳು. ಚಹಾ ಕುಡಿದು ಹೋಗಿ ಅಂದಳು. ರೈಲಿಗೆ ಹೊತ್ತಾಯಿತು ಅಂದೆ. "ನಿಮ್ಮ ರೈಲು ಮಾತ್ರ ತಪ್ಪಬಾರದು," ಎಂದು ನಕ್ಕಳು. ಅವಳ ಮಾತಿನಲ್ಲಿ ವಿಷ ಇರಲಿಲ್ಲ. ಇದ್ದಿದ್ದರೆ ಉತ್ತರ ಕೊಡಬಹುದಿತ್ತು.

ನಾಸಿಕ್‌ನ ಮನೆಯಲ್ಲಿ ಕೂತು ಸಮಿತಿಗೆ ಹೊಸ ಪತ್ರ ಬರೆದೆ, ನಾಲ್ಕು ಪುಟ. ಅಪ್ಪ ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಮರಾಠಿಯಲ್ಲಿತ್ತು, ಆದರೂ ಒಂದೊಂದು ಸಾಲಿಗೂ ಬೆರಳಿಟ್ಟು ಓದಿದರು. ಆಮೇಲೆ, ಗಂಟೆಯ ಸಂಗತಿ ಮೂರನೇ ಪುಟದಲ್ಲಿ ಯಾಕೆ ಬಂದಿದೆ ಎಂದು ಕೇಳಿದರು. ಮೊದಲು ಹಿನ್ನೆಲೆ ಹೇಳಬೇಕು, ಅತಿಥಿಗಳ ತಡ, ಸತ್ಕಾರದ ಪದ್ಧತಿ, ಆಮೇಲೆ ಓದುವವರಿಗೆ ಅದು ಸಹಜವಾಗಿ ಅರ್ಥವಾಗುತ್ತದೆ ಎಂದೆ.

"ನಮ್ಮ ಸ್ಟೋರ್ಸ್‌ದಾಗ ಒಡದ ಮಾಲು ಬಂದ್ರ, ಒಡದದ ಅಂತ ಮೊದಲ ಬರೀತೀವಿ," ಅಂದರು ಅಪ್ಪ. "ಟ್ರಕ್ ಯಾವ ದಾರಿಂದ ಬಂತು ಅನ್ನೂದು ಆಮ್ಯಾಲಿಂದು."

ಸಿಟ್ಟು ಬಂತು. ಸರಿಯಾದ ಮಾತಿಗೆ ಬರುವ ಸಿಟ್ಟು ಬೇರೆಯೇ. ನಾಲ್ಕು ಪುಟ ಹರಿದು ಒಂದು ಪುಟ ಬರೆದೆ. ಮೊದಲ ಸಾಲು ಗಂಟೆ. ಎರಡನೆಯದು ನಾನು ತಡೆದ ದೂರು. ಮೂರನೆಯದು ಒಂಬತ್ತು ಫೇಟಾ, ನಲವತ್ತು ನಿಮಿಷ. ನಾಲ್ಕನೆಯದು ಗೆರೆ ಅಳಿಸಿದ್ದು. ಯಾರ ಹೆಸರೂ ಇಲ್ಲ, ವಿಶೇಷಣವೂ ಇಲ್ಲ. ಕೊನೆಗೆ, ನಿಫಾಡ್ ತಂಡಕ್ಕೆ ಪ್ರಮಾಣಪತ್ರ ಕೊಡಬೇಕು ಎಂಬ ಕೋರಿಕೆ. ನನ್ನ ಸಹಿ. ಪಕ್ಕದಲ್ಲಿ ಪಂದ್ಯಾವಳಿಯ ಮುಖ್ಯಸ್ಥರ ಸಹಿಗೆ ಜಾಗ. ಅದಿಲ್ಲದೆ ಸಮಿತಿ ಪತ್ರ ಮುಟ್ಟುವುದಿಲ್ಲ.

ನಿನ್ನೆ ಅದನ್ನು ತೆಗೆದುಕೊಂಡು ಸರ್ ಕೋಣೆಗೆ ಹೋದೆ. ಅರ್ಜಿಯ ಕೊನೆಯ ದಿನಕ್ಕೆ ಆರು ದಿನ ಉಳಿದಿತ್ತು. ಕಿಟಕಿಯ ಹೊರಗೆ ಹೊಸ ವಿದ್ಯಾರ್ಥಿಗಳ ಸ್ವಾಗತಕ್ಕೆ ವೇದಿಕೆ ಕಟ್ಟುತ್ತಿದ್ದರು. ಎಷ್ಟು ಕುರ್ಚಿ ಎಂದು ಒಬ್ಬರು ಕೂಗಿ ಕೇಳುತ್ತಿದ್ದರು. ಸರ್ ಪತ್ರವನ್ನು ಎರಡು ಸಲ ಓದಿದರು. ಮೊದಲು, ನಿನ್ನ ಅಂಕವನ್ನು ಕಾಲೇಜು ವಾಪಸು ಕಿತ್ತುಕೊಳ್ಳಬಹುದು, ಯೋಚಿಸಿದ್ದೀಯಾ ಅಂದರು. ಯೋಚಿಸಿದ್ದೇನೆ ಅಂದೆ. ಹಳೆಯ ವರದಿಯ ಮೇಲೂ ತಮ್ಮದೇ ಸಹಿ ಇದೆ, ಒಂದೇ ದಿನದ ಬಗ್ಗೆ ಎರಡು ಕಥೆಗೆ ಒಬ್ಬನೇ ಸಹಿ ಹಾಕಿದರೆ ಏನನ್ನುತ್ತಾರೆ ಅಂದರು. ಅದು ನ್ಯಾಯವಾದ ಮಾತು, ನಾನು ಅಲ್ಲಗಳೆಯಲಿಲ್ಲ. ಆಮೇಲೆ, ಫೇಟಾದ ಸಾಲು ತೆಗೆದುಬಿಡು, ಉಳಿದದ್ದು ಇರಲಿ, ನೋಡೋಣ ಅಂದರು. ಆ ಸಾಲು ತೆಗೆದರೆ ತಡವೆಲ್ಲ ನನ್ನ ಗಂಟೆಯದೇ ಆಗುತ್ತದೆ. ನನಗೆ ಅದೂ ನಡೆಯುತ್ತಿತ್ತು. ಆದರೆ ಒಂದು ಟಿಂಗ್ ಸದ್ದಿಗೆ ನಲವತ್ತು ನಿಮಿಷ ಯಾಕೆ ಹೋಯಿತು ಎಂದು ಸಮಿತಿ ಮತ್ತೆ ಕಾರಣ ಕೇಳುತ್ತದೆ, ಮತ್ತೆ ಪತ್ರ ಬರುತ್ತದೆ, ಅಷ್ಟರಲ್ಲಿ ಆರು ದಿನ ಮುಗಿಯುತ್ತದೆ.

ಅವರು ಪೆನ್ನಿನ ಮುಚ್ಚಳ ತೆಗೆದರು. ಹಾಕಿದರು. ಸೊಟ್ಟ ಬೆರಳನ್ನು ಉಜ್ಜತೊಡಗಿದರು. ನನ್ನ ಬಳಿ ತಯಾರಿದ್ದ ವಾದಗಳು ಏಳು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದೆ. ಒಂದನ್ನೂ ಹೇಳಲಿಲ್ಲ. ಪತ್ರವನ್ನು ಅವರ ಕಡೆ ತಿರುಗಿಸಿ ಕೇಳಿದೆ:

"ಸರ್, ಇದರಲ್ಲಿ ಯಾವ ಸಾಲು ಸುಳ್ಳು?"